ಉಳಿದ 90 ಎಲ್ಲಿಗೆ ಹೋಯ್ತು?

ಹೈಸ್ಕೂಲ್ ಮಕ್ಕಳಿಗೆ ಜೀವವಿಜ್ಞಾನ ಹೇಳಿಕೊಡುವುದು ನನ್ನ ಕೆಲಸ. ಆಹಾರ ಸರಪಳಿಯ ಪಾಠ ಬಂತೆಂದರೆ ಎಲ್ಲರಿಗೂ ಖುಷಿ. ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು ಅಂತ ಬಾಣ ಎಳೆದುಬಿಟ್ಟರೆ ಮುಗೀತು. ಪಕ್ಕದಲ್ಲಿ 'ಪ್ರತಿ ಹಂತಕ್ಕೂ ಶೇ. 10ರಷ್ಟು ಶಕ್ತಿ ಮಾತ್ರ ಹೋಗುತ್ತದೆ' ಅಂತ ಬರೆದರೆ ಪೂರ್ತಿ ಮಾರ್ಕ್ಸ್. ಆದರೆ ಉಳಿದ 90 ಎಲ್ಲಿಗೆ ಹೋಯ್ತು ಅಂತ ಕೇಳಿ ನೋಡಿ. "ವೇಸ್ಟ್ ಆಯ್ತು ಸರ್!"

ಈಗೀಗ ನಾನು ಪಾಠ ಶುರು ಮಾಡುವುದೇ ಈ ಪ್ರಶ್ನೆಯಿಂದ. ಒಂದೇ ಒಂದು ಮಿಡತೆಯ ಲೆಕ್ಕ ಹಿಡಿಯುತ್ತೇವೆ. ಅದು ತಿಂದ ಎಲೆಯಲ್ಲಿ ಒಂದಷ್ಟು ಜೀರ್ಣವಾಗದೆ ಹಿಕ್ಕೆಯಾಗಿ ಹೊರಗೆ ಬರುತ್ತದೆ. ಜೀರ್ಣವಾದದ್ದರಲ್ಲಿ ದೊಡ್ಡ ಪಾಲು ನೆಗೆಯಲು, ಹಾರಲು, ಸುಮ್ನೆ ಬದುಕಿರಲು ಖರ್ಚಾಗುತ್ತದೆ. ಆ ಶಕ್ತಿ ಕೊನೆಗೆ ಶಾಖವಾಗಿ ಹೊರಟುಹೋಗುತ್ತದೆ. ಆ ಶಾಖದಿಂದ ಯಾವ ಗಿಡವೂ ಮತ್ತೆ ಆಹಾರ ತಯಾರಿಸಲಾರದು. ಇಂಗಾಲ, ಸಾರಜನಕ ಸುತ್ತಿ ಸುತ್ತಿ ಬರುತ್ತವೆ, ಶಕ್ತಿ ಹಾಗೆ ಬರುವುದಿಲ್ಲ. ಮೈಗೆ ಸೇರಿದ್ದಷ್ಟೇ ಕಪ್ಪೆಗೆ ಸಿಗುವುದು. ಅದೂ ಮಿಡತೆ ಅದರ ಬಾಯಿಗೆ ಸಿಕ್ಕಿದರೆ!

ಬಿಸಿರಕ್ತದ ಪ್ರಾಣಿಗಳ ಖರ್ಚು ಇನ್ನೂ ಜಾಸ್ತಿ. ಮೈ ಬೆಚ್ಚಗಿಡಬೇಕಲ್ವಾ? ಜೀರ್ಣಿಸಿಕೊಂಡ ಶಕ್ತಿಯಲ್ಲಿ ಶೇ. 1ರಿಂದ 3ರಷ್ಟು ಮಾತ್ರ ಅವುಗಳ ಬೆಳವಣಿಗೆಗೆ ಹೋಗುತ್ತದೆ. ಕೀಟಗಳಲ್ಲಿ ಇದು ಶೇ. 40ರ ಹತ್ತಿರಕ್ಕೂ ಹೋಗಬಹುದು. ಹಾಗಾಗಿ 10 ಅನ್ನುವುದು ಒಂದು ಅಂದಾಜು, ಅಷ್ಟೇ. ಅದನ್ನು ನಿಯಮ ಅಂತ ಕರೆಯುವುದು ನನಗೆ ಯಾವತ್ತೂ ಸರಿ ಕಂಡಿಲ್ಲ.

ಇದು ಬಾಯಿಮಾತಿನಲ್ಲಿ ತಲೆಗೆ ಹತ್ತುವುದಿಲ್ಲ. ಅದಕ್ಕೇ ಬೋರ್ಡ್ ಮೇಲೆ ನಿಜವಾದ ಅಂಕಿ ಬರೆಯುತ್ತೇನೆ. ಅಮೆರಿಕದ ಫ್ಲಾರಿಡಾದಲ್ಲಿ ಸಿಲ್ವರ್ ಸ್ಪ್ರಿಂಗ್ಸ್ ಎಂಬ ತಿಳಿನೀರಿನ ಬುಗ್ಗೆ ಇದೆ. ಅಲ್ಲಿನ ಶಕ್ತಿಯ ಲೆಕ್ಕವನ್ನು ಪರಿಸರ ವಿಜ್ಞಾನಿ ಹೊವಾರ್ಡ್ ಓಡಮ್ 1957ರಲ್ಲಿ ಪ್ರಕಟಿಸಿದರು. ಒಂದು ಚದರ ಮೀಟರ್ ಜಾಗದಲ್ಲಿ, ಒಂದು ವರ್ಷದಲ್ಲಿ, ಸಸ್ಯಗಳು ಹಿಡಿದಿಟ್ಟದ್ದು 20,810 ಕಿಲೋಕ್ಯಾಲರಿ. ಅದರಲ್ಲಿ 11,977 ಅವುಗಳ ಉಸಿರಾಟಕ್ಕೇ ಹೋಯಿತು. ಅರ್ಧಕ್ಕಿಂತ ಜಾಸ್ತಿ! ಸಸ್ಯಾಹಾರಿಗಳಿಗೆ ದಕ್ಕಿದ್ದು 3,368. ಅವನ್ನು ತಿನ್ನುವ ಪ್ರಾಣಿಗಳಿಗೆ 383. ತುತ್ತತುದಿಯ ಮಾಂಸಾಹಾರಿಗಳಿಗೆ 21.

ಒಂದೊಂದು ಹಂತಕ್ಕೂ ಶೇಕಡಾ ತೆಗೆಯಿರಿ ಅಂತ ಹೇಳಿ ಕೂರುತ್ತೇನೆ. ಸುಮಾರು 16, 11, 5.5 ಬರುತ್ತದೆ. "ಸರ್, 10 ಎಲ್ಲೂ ಬರ್ತಿಲ್ಲ" ಅಂತ ಗಲಾಟೆ ಶುರುವಾಗುತ್ತದೆ. ನನಗೆ ಬೇಕಾದದ್ದೂ ಅದೇ. (ಇಂಥ ಲೆಕ್ಕಕ್ಕೆ ದಾರಿ ಮಾಡಿಕೊಟ್ಟವರು ರೇಮಂಡ್ ಲಿಂಡೆಮನ್. ಅವರ ಪ್ರಬಂಧ 1942ರಲ್ಲಿ ಅಚ್ಚಾಯಿತು. ಅದನ್ನು ನೋಡಲು ಅವರು ಬದುಕಿರಲಿಲ್ಲ.)

ಇನ್ನೊಂದು ಅಂಕಿಯನ್ನು ಬೇಕೆಂದೇ ತಡವಾಗಿ ಬರೆಯುತ್ತೇನೆ. ವಿಘಟಕಗಳಿಗೆ, ಅಂದರೆ ಬ್ಯಾಕ್ಟೀರಿಯಾದಂಥ ಕೊಳೆಸುವ ಜೀವಿಗಳಿಗೆ, ಹೋದದ್ದು 5,060. ಸಸ್ಯಾಹಾರಿಗಳಿಗೆ ಸಿಕ್ಕಿದ್ದಕ್ಕಿಂತ ಹೆಚ್ಚು! ಚಿತ್ರಗಳಲ್ಲಿ ಇವಕ್ಕೆ ಸಿಗುವುದು ಕೆಳಗಿನ ಒಂದು ಮೂಲೆ. ಕಾಡಿನಲ್ಲೂ ಅಷ್ಟೇ, ಹೆಚ್ಚಿನ ಎಲೆಗಳನ್ನು ಯಾವ ಪ್ರಾಣಿಯೂ ತಿನ್ನುವುದಿಲ್ಲ. ಅವು ಉದುರಿ ನೆಲ ಸೇರುತ್ತವೆ, ಅಲ್ಲಿ ಇವುಗಳ ಊಟ ನಡೆಯುತ್ತದೆ. ವೇಸ್ಟ್ ಅಂದವರು ಇಲ್ಲಿ ಸ್ವಲ್ಪ ಸುಮ್ಮನಾಗುತ್ತಾರೆ.

ಆಮೇಲೆ ಹೋಂವರ್ಕ್. ಬಾಣಗಳನ್ನು ಅಳತೆಗೆ ತಕ್ಕ ದಪ್ಪದಲ್ಲಿ ಎಳೆದು ತರಬೇಕು. 1,000 ಕಿಲೋಕ್ಯಾಲರಿಗೆ ಒಂದು ಸೆಂಟಿಮೀಟರ್. ಸಸ್ಯಗಳ ಬಾಣವೇ ನೋಟ್‌ಬುಕ್ಕಿನ ಹಾಳೆಯನ್ನು ತುಂಬಿಬಿಡುತ್ತದೆ. ತುದಿಯ ಬೇಟೆಗಾರನದ್ದು 0.2 ಮಿಲಿಮೀಟರ್. ಪೆನ್ಸಿಲ್ ಎಷ್ಟು ಚೂಪು ಮಾಡಿದರೂ ಗೆರೆ ದಪ್ಪವೇ ಬರುತ್ತದೆ ಅನ್ನುವುದು ಮರುದಿನದ ದೂರು.