ಅಲ್ಪಪ್ರಾಣ, ಮಹಾಪ್ರಾಣ

ನಾನು ಕನ್ನಡ ಟೀಚರ್. ಮಕ್ಕಳಿಗೆ ಮಹಾಪ್ರಾಣ ಕಲಿಸೋಕೆ ನಮ್ಮಲ್ಲಿ ಒಂದು ಹಳೇ ಉಪಾಯ ಇದೆ. ಬಾಯಿ ಮುಂದೆ ಅಂಗೈ ಹಿಡಿದು ಮೊದಲು 'ಕ' ಅನ್ನಿ, ಆಮೇಲೆ 'ಖ' ಅನ್ನಿ. ಎರಡನೇ ಸಲ ಅಂಗೈಗೆ ಗಾಳಿ ತಾಗಬೇಕು. ಅದಾದ ಮೇಲೆ ಕ ಇಂದ ಮ ವರೆಗಿನ 25 ಅಕ್ಷರಗಳನ್ನು ಒಂದೇ ಉಸಿರಿಗೆ ಹೇಳಿ ತೋರಿಸುತ್ತಿದ್ದೆ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಶ್ವಾಸಕೋಶದ ಕ್ಯಾನ್ಸರಿಗೆ ಆಪರೇಷನ್ ಆಗಿ ಮೂರು ತಿಂಗಳಿಗೆ ಕ್ಲಾಸಿಗೆ ವಾಪಸ್ ಹೋದ ದಿನ ಅದೇ ಹುಮ್ಮಸ್ಸಿನಲ್ಲಿ ಶುರು ಮಾಡಿದೆ. 'ಢ' ಹತ್ತಿರ ಉಸಿರು ಮುಗಿಯಿತು. ಕೆಮ್ಮು ಬಂತು. ಬೋರ್ಡಿನ ಕಡೆ ತಿರುಗಿ ಏನೋ ಬರೆಯುವವಳ ಹಾಗೆ ನಿಂತೆ.

ಬಲಗಡೆಯ ಶ್ವಾಸಕೋಶದಲ್ಲಿ ಮೂರು ಹಾಲೆ, ಅಂದರೆ ಮೂರು ಭಾಗ ಇರುತ್ತವೆ, ಎಡಗಡೆ ಎರಡೇ. ನನಗೆ ತೆಗೆದದ್ದು ಬಲಗಡೆಯ ಮೇಲಿನದು. ಪಕ್ಕೆಲುಬುಗಳ ನಡುವೆ ಮೂರು ತೂತು ಮಾಡಿ, ಕ್ಯಾಮೆರಾ ಇಳಿಸಿ ಮಾಡುವ ಕೀಹೋಲ್ ಆಪರೇಷನ್. ಗಂಟು ಚಿಕ್ಕದಿತ್ತು, ಹರಡಿರಲಿಲ್ಲ, ಕೀಮೋ ಬೇಡ ಅಂದರು. ಅಷ್ಟರ ಮಟ್ಟಿಗೆ ಅದೃಷ್ಟ. ಅದರ ಬಗ್ಗೆ ಹೇಳೋದು ಜಾಸ್ತಿ ಏನಿಲ್ಲ.

"ತೆಗೆದ ಜಾಗ ಹಾಗೇ ಖಾಲಿ ಇರುತ್ತಾ?" ಅಂತ ಎಲ್ಲರೂ ಕೇಳುತ್ತಾರೆ. ಇರಲ್ಲ. ಉಳಿದ ಹಾಲೆಗಳು ಉಬ್ಬಿ ಆ ಜಾಗಕ್ಕೆ ಹರಡಿಕೊಳ್ಳುತ್ತವೆ, ಎದೆ ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ, ವಪೆಯೂ ಸ್ವಲ್ಪ ಮೇಲಕ್ಕೆ ಸರಿಯುತ್ತದೆ. ಮಗಳು ಬೇರೆ ಊರಿಗೆ ಹೋದ ಮೇಲೆ ಅವಳ ರೂಮಿನಲ್ಲಿ ನಮ್ಮ ಸಾಮಾನೆಲ್ಲ ಸೇರಿಕೊಂಡ ಹಾಗೆ. ಹಾಗಂತ ಮೊದಲಿನಷ್ಟೇ ಉಸಿರು ಬರುತ್ತದೆ ಅಂತಲ್ಲ. ಮೊದಲ ಮೂರರಿಂದ ಆರು ತಿಂಗಳಲ್ಲಿ ಸುಧಾರಿಸುವಷ್ಟು ಸುಧಾರಿಸುತ್ತದೆ, ಆಮೇಲೆ ಇರುವುದರಲ್ಲಿ ಸಂಸಾರ ಮಾಡಬೇಕು.

ಆಸ್ಪತ್ರೆಯಲ್ಲಿ ಮೂರು ಚೆಂಡಿನ ಒಂದು ಪ್ಲಾಸ್ಟಿಕ್ ಡಬ್ಬಿ ಕೈಗೆ ಕೊಟ್ಟರು. ಉಸಿರಿನ ವ್ಯಾಯಾಮಕ್ಕೆ ಇರುವ ಸ್ಪೈರೋಮೀಟರ್. ನಾನು ಬಲೂನ್ ಊದುವವಳ ಹಾಗೆ ಊದಿದೆ. ಒಂದು ಚೆಂಡೂ ಅಲುಗಲಿಲ್ಲ. ನನ್ನ ಕಥೆ ಮುಗೀತು ಅಂದುಕೊಂಡೆ. ಸಿಸ್ಟರ್ ನಗುತ್ತಾ, "ಊದಬಾರದು ಟೀಚರ್, ಎಳೀಬೇಕು" ಅಂದರು. ಎಳೆದೆ. ಮೊದಲನೇ ಚೆಂಡು ನಡುಗಿತು, ಎದ್ದಿತು, ಬಿತ್ತು. ಮೇಲೆ 600, 900, 1200 ಅಂತ ಬರೆದಿತ್ತು, ಸೆಕೆಂಡಿಗೆ ಎಷ್ಟು ಮಿಲಿಲೀಟರ್ ಗಾಳಿ ಎಳೆದೆ ಅನ್ನುವ ಲೆಕ್ಕ. ಮೂರನೇ ಚೆಂಡು ಒಂದು ಸಲ ಏಳೋಕೆ ನನಗೆ ಏಳು ವಾರ ಬೇಕಾಯಿತು. ಗಂಡನನ್ನು ಕೂಗಿ ಕರೆದೆ. ಅವರು ಬರುವಷ್ಟರಲ್ಲಿ ಬಿದ್ದಿತ್ತು. "ನಂಬ್ತೀನಿ ಬಿಡು" ಅಂದರು. ನಂಬಿದ ಹಾಗೆ ಕಾಣಲಿಲ್ಲ.

ಇನ್ನು ನೋವು. ಪ್ರತಿ ಪಕ್ಕೆಲುಬಿನ ಕೆಳಗೂ ಒಂದು ನರ ಹಾದುಹೋಗುತ್ತದೆ. ಎಲುಬುಗಳ ನಡುವೆ ಉಪಕರಣ ಹಾಕುವಾಗ ಅದು ಅಮುಕಿಹೋಗಬಹುದು. ಗಾಯ ಒಣಗಿ ಹೊಲಿಗೆ ಬಿಚ್ಚಿದ ಮೇಲೂ ನೋವು ಉಳಿಯುವುದು ಇದರಿಂದ. ಮೂರು ತಿಂಗಳಾದರೂ ಹೋಗದಿದ್ದರೆ ಡಾಕ್ಟರಿಗೆ ಹೇಳಿ, ಸುಮ್ನೆ ಸಹಿಸಿಕೊಂಡು ಕೂರಬೇಡಿ. ನರದ ನೋವಿಗೆ ಬೇರೆ ಥರದ್ದೇ ಮಾತ್ರೆ ಇದೆ, ಮಾಮೂಲಿ ನೋವಿನ ಮಾತ್ರೆ ಅದಕ್ಕೆ ಅಷ್ಟಾಗಿ ನಾಟುವುದಿಲ್ಲ. ನನ್ನ ಎದೆಯ ಬಲಭಾಗದಲ್ಲಿ ಒಂದು ಪಟ್ಟಿಯಷ್ಟು ಜಾಗ ಈಗಲೂ ವಿಚಿತ್ರವಾಗಿದೆ. ಬೆರಳಿಂದ ಒತ್ತಿದರೆ ಗೊತ್ತೇ ಆಗಲ್ಲ. ಬಟ್ಟೆ ಸವರಿದರೆ ಉರಿ.

ಹೆಂಗಸರಿಗೆ ಒಂದು ಮಾತು. ಬ್ರಾ ಪಟ್ಟಿ ಕೂರುವುದು ಸರಿಯಾಗಿ ಆ ಗಾಯದ ಮೇಲೇ. ಆಪರೇಷನ್ನಿಗೆ ಮುಂಚೆ ಅಷ್ಟೊಂದು ವಿಷಯ ವಿವರಿಸಿದ ಯಾರೂ ಇದನ್ನು ಹೇಳಲಿಲ್ಲ. ನಾನು ನಾಲ್ಕು ತಿಂಗಳು ಗಂಡನ ಹಳೇ ಬನಿಯನ್ ಮೇಲೆ ದೊಗಳೆ ಕುರ್ತಾ ಹಾಕಿಕೊಂಡು ಓಡಾಡಿದೆ. ಕಾರಿನ ಸೀಟ್ ಬೆಲ್ಟಿಗೆ ಮಡಚಿದ ಟವೆಲ್. ಕೆಮ್ಮು ಬಂದರೆ ಎದೆಗೆ ಅವುಚಿಕೊಳ್ಳೋಕೆ ದಿಂಬು. ಸೀನು ಬಂದರೆ ದೇವರೇ ಗತಿ.

ನೋವಿಗಿಂತ ಜಾಸ್ತಿ ಚುಚ್ಚಿದ್ದು ಒಂದು ಪ್ರಶ್ನೆ. "ಸಿಗರೇಟ್ ಸೇದ್ತಿದ್ರಾ?" ನೋಡಲು ಬಂದವರೆಲ್ಲ ಕೇಳುತ್ತಾರೆ. ಸೇದಿದವಳಲ್ಲ. ಸೇದದವರಿಗೂ ಈ ಕಾಯಿಲೆ ಬರುತ್ತದೆ. ಮೊದಮೊದಲು ಆತುರದಲ್ಲಿ "ಇಲ್ಲ ಇಲ್ಲ, ಒಂದು ದಿನಾನೂ ಇಲ್ಲ" ಅಂತಿದ್ದೆ. ವಾರ್ಡಿನಲ್ಲಿ ಒಂದು ಸಲ ಹಾಗೆ ಅಂದಾಗ, ಅಲ್ಲಿಯವರೆಗೆ ನನ್ನ ಜೊತೆ ಹರಟುತ್ತಿದ್ದ ಪಕ್ಕದ ಹಾಸಿಗೆಯ ಹೆಂಗಸು ಸುಮ್ಮನಾಗಿ ಗೋಡೆ ಕಡೆ ತಿರುಗಿಕೊಂಡರು. ಅವರು ಸೇದುತ್ತಿದ್ದರಂತೆ. ಅವರಿಗೂ ನನ್ನ ಹಾಗೇ ಟ್ಯೂಬು ಹಾಕಿತ್ತು, ಅವರಿಗೂ ನನ್ನಷ್ಟೇ ನೋಯುತ್ತಿತ್ತು. ಈಗ ಯಾರಾದರೂ ಕೇಳಿದರೆ "ಯಾಕೆ?" ಅಂತ ತಿರುಗಿ ಕೇಳುತ್ತೇನೆ.

ನಿದ್ದೆ ಬಾರದ ಒಂದು ರಾತ್ರಿ ಮೊಬೈಲಿನಲ್ಲಿ ಹಳೇ ಕಥೆಯೊಂದು ಸಿಕ್ಕಿತು. ಕ್ಯಾನ್ಸರಿಗಾಗಿ ಒಂದು ಇಡೀ ಶ್ವಾಸಕೋಶವನ್ನು ಒಂದೇ ಸಲಕ್ಕೆ ತೆಗೆದು ರೋಗಿ ಮೊದಲ ಬಾರಿಗೆ ಬದುಕುಳಿದದ್ದು 1933ರ ಏಪ್ರಿಲ್ 5ರಂದು, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ. ಸರ್ಜನ್ ಎವಾರ್ಟ್ಸ್ ಗ್ರಹಾಂ. ರೋಗಿ ಜೇಮ್ಸ್ ಗಿಲ್ಮೋರ್, ಅವರೂ ಡಾಕ್ಟರೇ, ಹೆರಿಗೆ ಡಾಕ್ಟರ್. ಎಡಗಡೆಯದು ಪೂರ್ತಿ ಹೋದ ಮೇಲೂ ಗಿಲ್ಮೋರ್ ಕೆಲಸಕ್ಕೆ ಮರಳಿ 1963ರವರೆಗೆ ಬದುಕಿದರು. ಧೂಮಪಾನಕ್ಕೂ ಈ ಕ್ಯಾನ್ಸರಿಗೂ ನಂಟಿದೆ ಅಂತ 1950ರಲ್ಲಿ ಅರ್ನ್ಸ್ಟ್ ವಿಂಡರ್ ಜೊತೆ ಸೇರಿ ತೋರಿಸಿದ ಗ್ರಹಾಂ ಮಾತ್ರ 1957ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡರು. ಅವರೂ ಒಂದು ಕಾಲದಲ್ಲಿ ಸೇದುತ್ತಿದ್ದವರು. ನನ್ನ ತಲೆಯಲ್ಲಿ ಉಳಿದದ್ದು ಗಿಲ್ಮೋರ್. ಮೂವತ್ತು ವರ್ಷ! ಆದರೆ ನನಗೆ ಬೇಕಾಗಿದ್ದ ಸುದ್ದಿ ಬೇರೆ. ಮೆಟ್ಟಿಲು ಹತ್ತಿ ಹೋಗಿ ಹೆರಿಗೆ ಮಾಡಿಸುವಾಗ ಅವರಿಗೆ ಏದುಸಿರು ಬರುತ್ತಿತ್ತಾ? ಜೋರಾಗಿ ನಕ್ಕರೆ ಎದೆ ಹಿಡಿದುಕೊಳ್ಳುತ್ತಿದ್ದರಾ?

ನಮಗೆ ಈಗ ಕೇಳುತ್ತಾರೆ, ಅದಕ್ಕಂತಲೇ ಫಾರ್ಮ್ ಇದೆ. ಇಒಆರ್‌ಟಿಸಿ ಅಂತ ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 30 ಪ್ರಶ್ನೆಗಳದ್ದು ಒಂದು, ಶ್ವಾಸಕೋಶದವರಿಗೆ ಅದರ ಜೊತೆ ಇನ್ನೂ 13. ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿತೇ, ತುಂಬ ದೂರ ನಡೆಯೋಕೆ ಕಷ್ಟವೇ, ತೋಳು ಭುಜ ನೋವೇ, ಎಷ್ಟು ಕೆಮ್ಮಿದಿರಿ. ಒಳ್ಳೆಯ ಪ್ರಶ್ನೆಗಳೇ. 30ರ ಪೈಕಿ ಕೊನೆಯದು ಮಾತ್ರ ಕಷ್ಟದ್ದು. ಕಳೆದ ವಾರ ನಿಮ್ಮ ಜೀವನದ ಗುಣಮಟ್ಟ ಒಟ್ಟಾರೆ ಹೇಗಿತ್ತು? 1ರಿಂದ 7ರೊಳಗೆ ಒಂದಕ್ಕೆ ಸುತ್ತು ಹಾಕಿ. ಇಡೀ ಜನ್ಮ ಮಕ್ಕಳಿಗೆ ಅಂಕ ಕೊಟ್ಟವಳು ನಾನು. ನನಗೇ ಕೊಟ್ಟುಕೊಳ್ಳೋಕೆ ಪೆನ್ನು ಏಳಲಿಲ್ಲ. ಸ್ಕ್ಯಾನಿನ ಹಿಂದಿನ ವಾರವಾದರೆ 3, ರಿಪೋರ್ಟ್ ಕ್ಲೀನಾಗಿ ಬಂದ ಸಂಜೆಯಾದರೆ 7. ಶ್ವಾಸಕೋಶ ಎರಡೂ ದಿನ ಅಷ್ಟೇ ಇತ್ತಲ್ವಾ?

5 ಹಾಕಿದೆ. ಅನುಮಾನ ಬಂದಾಗ ಟೀಚರುಗಳು ಹಾಕೋದೇ ಅದು.

ಆ ಫಾರ್ಮಿನಲ್ಲಿ ಇಲ್ಲದ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕ್ಲಾಸಿನಲ್ಲಿ. ಒಬ್ಬ ಹುಡುಗನಿಗೆ ಪಾಠ ಓದೋಕೆ ಹೇಳಿದ್ದೆ. ಚುರುಕು ಹುಡುಗ, ತಡವರಿಸುವವನಲ್ಲ. ಆದರೆ ವಾಕ್ಯದ ಮಧ್ಯೆ, ಕಾಮಾ ಇಲ್ಲ ಏನಿಲ್ಲ, ಗಕ್ಕನೆ ನಿಲ್ಲಿಸಿ ಉಸಿರು ಎಳೆದುಕೊಂಡು ಮುಂದೆ ಓದಿದ. ಮುಂದಿನ ವಾಕ್ಯದಲ್ಲೂ ಹಾಗೇ.

"ಯಾಕೋ ಅಲ್ಲಿ ನಿಲ್ಲಿಸ್ತೀಯ?"

"ನೀವು ಅಲ್ಲೇ ನಿಲ್ಲಿಸ್ತೀರಲ್ಲ ಮಿಸ್. ಹಾಗೇ ಓದಬೇಕು ಅಂದ್ಕೊಂಡೆ."

ಯಾರಿಗೂ ಗೊತ್ತಾಗುತ್ತಿಲ್ಲ ಅಂತ ನಾನು ಅಂದುಕೊಂಡಿದ್ದೆ. ಮೂವತ್ತೆಂಟು ಮಕ್ಕಳು ನನ್ನ ಉಸಿರಿಗೆ ತಕ್ಕ ಹಾಗೆ ಕನ್ನಡ ಓದುತ್ತಿದ್ದರು.

ಅವತ್ತೇ ಮನೆಗೆ ಬಂದು ಪಠ್ಯಪುಸ್ತಕ ಬಿಚ್ಚಿ ಕೂತೆ. ಎಲ್ಲಿ ಉಸಿರು ಎಳೆದುಕೊಂಡರೆ ಅರ್ಥ ಕೆಡುವುದಿಲ್ಲ ಅಂತ ನೋಡಿ ಪೆನ್ಸಿಲಿನಿಂದ ಸಣ್ಣ ಗೆರೆ ಹಾಕುತ್ತಾ ಹೋದೆ. ಬಾಯಿ ಕಿರಿದು ಮಾಡಿ ನಿಧಾನಕ್ಕೆ ಉಸಿರು ಬಿಡುವುದನ್ನು ಫಿಸಿಯೋದವರು ಕಲಿಸಿದ್ದರಲ್ಲ, ಅದನ್ನೂ ಸೇರಿಸಿಕೊಂಡೆ. ಮೊದಲ ಪಾಠದ ಮೊದಲ ಪುಟದಲ್ಲೇ 41 ಗೆರೆ. ಈಗ ಒಂಬತ್ತು ತಿಂಗಳಾಯಿತು. ಅದೇ ಪುಟದಲ್ಲಿ 29 ಉಳಿದಿವೆ. ರಬ್ಬರ್ ಉಜ್ಜಿ ಉಜ್ಜಿ ಕಾಗದ ಅಲ್ಲಲ್ಲಿ ತೆಳ್ಳಗಾಗಿದೆ.

25 ಅಕ್ಷರ ಮಾತ್ರ ಇನ್ನೂ ಆಗಿಲ್ಲ. ನಿನ್ನೆ 'ಧ' ವರೆಗೆ ಹೋದೆ.