ಉದುರಿದ ಹಣ್ಣು ಯಾರ ಪಾಲು?

ಚಿಕ್ಕಮಗಳೂರಿನ ತೋಟಗಳಲ್ಲಿ ರೊಬಸ್ಟಾ ಕೊಯ್ಲು ಮುಗಿಯುತ್ತಾ ಬರುವ ಹೊತ್ತಿಗೆ ಕಥೋಲಿಕ ಕ್ರೈಸ್ತರಾದ ನಮಗೆ ತಪಸ್ಸುಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ವ್ರತದ ದಿನಗಳು, ಆರಂಭವಾಗುತ್ತದೆ. ಅದರ ಮೊದಲ ದಿನವಾದ ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡ ಮೇಲೆ ಒಬ್ಬರು ಮಾಂಸ ಬಿಡುತ್ತಾರೆ, ಇನ್ನೊಬ್ಬರು ಒಪ್ಪೊತ್ತು ಮಾಡುತ್ತಾರೆ. ವ್ರತ ಒಳ್ಳೆಯದೇ. ಆದರೆ ಬೈಬಲ್‌ನಲ್ಲಿ ಪ್ರವಾದಿ ಯೆಶಾಯನ ಗ್ರಂಥದ 58ನೆಯ ಅಧ್ಯಾಯ ಓದಿದವರಿಗೆ ಅಷ್ಟಕ್ಕೇ ಸಮಾಧಾನ ಸಿಗುವುದಿಲ್ಲ. ಉಪವಾಸದ ದಿನವೂ ಆಳುಗಳನ್ನು ಹಿಂಡಿ ದುಡಿಸುವವರನ್ನು ದೇವರು ಅಲ್ಲಿ ನೇರವಾಗಿಯೇ ಗದರುತ್ತಾರೆ.

ನನ್ನನ್ನು ಇನ್ನೂ ಹೆಚ್ಚು ಕಾಡುವುದು ಬೈಬಲ್‌ನದೇ ಯಾಜಕಕಾಂಡದ 19ನೆಯ ಅಧ್ಯಾಯ. ದ್ರಾಕ್ಷಿತೋಟದಲ್ಲಿ ಉದುರಿದ ಹಣ್ಣನ್ನು ಆಯ್ದುಕೊಳ್ಳಬೇಡಿ, ಅದನ್ನು ಬಡವರಿಗೂ ಪರಸ್ಥಳದವರಿಗೂ ಬಿಡಿ ಎಂಬುದು ಅಲ್ಲಿನ ಕಟ್ಟಳೆ. ಕಾಫಿ ತೋಟದಲ್ಲಿ ಇದನ್ನು ಹಾಗೆಯೇ ಪಾಲಿಸಲು ಬರುವುದಿಲ್ಲ. ಉದುರಿದ ಹಣ್ಣನ್ನು ನೆಲದಲ್ಲೇ ಬಿಟ್ಟರೆ ಅದರೊಳಗೆ ಕಾಯಿಕೊರಕ ಎಂಬ ಕೀಟ ಉಳಿದುಕೊಂಡು ಮುಂದಿನ ಫಸಲಿಗೆ ಹತ್ತುತ್ತದೆ. ಬುಡದ ತರಗೆಲೆ ಸರಿಸಿ ಒಂದೊಂದನ್ನೂ ಆಯಲೇಬೇಕು. ಆಯುವವರು ಯಾರು? ಅಸ್ಸಾಂ, ಜಾರ್ಖಂಡ್ ಕಡೆಯಿಂದ ದುಡಿಯಲು ಬಂದ ಪರಸ್ಥಳದವರೇ. ಕುಕ್ಕರಗಾಲಿನಲ್ಲಿ ಕುಳಿತು, ಗಿಡದಿಂದ ಗಿಡಕ್ಕೆ ಸರಿಯುತ್ತಾ, ಶಾಸ್ತ್ರ ತಮಗೆಂದು ಬಿಟ್ಟ ಪಾಲನ್ನು ತಾವೇ ಆಯ್ದು ಮಾಲೀಕರ ಚೀಲ ತುಂಬುತ್ತಾರೆ. ಹಾಗಾದರೆ ಆ ಪಾಲು ಬೇರೆ ದಾರಿಯಲ್ಲಾದರೂ ಅವರಿಗೆ ಸೇರಬೇಕಲ್ಲವೇ? ವಾರದ ಬಟವಾಡೆ ಬಾಕಿ ಉಳಿಯಬಾರದು. ತೋಟದಲ್ಲಿ ಕೂಲಿಯವರು ವಾಸಿಸುವ ಲೈನ್ ಮನೆಯ ಸೂರು ಸೋರಬಾರದು, ಶೌಚಾಲಯ ಇರಬೇಕು, ಮಕ್ಕಳು ಶಾಲೆಗೆ ಹೋಗಬೇಕು. ಇವನ್ನು ದಾನಧರ್ಮವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಮುಂಗಡ ತೀರುವತನಕ ತೋಟ ಬಿಡಬೇಡಿ ಎಂದು ಹಿಡಿದಿಡುವುದಂತೂ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರವೇ ಅಪರಾಧ. ತಡೆಹಿಡಿದ ಕೂಲಿ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಎಂದು ಬೈಬಲ್‌ನ ಯಕೋಬನ ಪತ್ರ ಎಚ್ಚರಿಸುತ್ತದೆ.

ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ, ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ, ನಮ್ಮ ದೇವಾಲಯಗಳಲ್ಲಿ ಗುರುಗಳು ಭಕ್ತರ ಪಾದ ತೊಳೆಯುತ್ತಾರೆ. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮ್‌ನ ಬಾಲಾಪರಾಧಿಗಳ ಬಂದೀಖಾನೆಗೆ ಹೋಗಿ ಹನ್ನೆರಡು ಮಂದಿಯ ಪಾದ ತೊಳೆದರು. ಅವರಲ್ಲಿ ಹೆಣ್ಣುಮಕ್ಕಳಿದ್ದರು, ಮುಸ್ಲಿಮರೂ ಇದ್ದರು. 2016ರಲ್ಲಿ ನಿಯಮವನ್ನೇ ತಿದ್ದಿ ಆ ವಿಧಿಗೆ ಮಹಿಳೆಯರನ್ನೂ ಸೇರಿಸಿದರು. ಅಷ್ಟಾದರೂ, ಪಾದ ತೊಳೆಸಿಕೊಳ್ಳುವವರ ಹೆಸರು ಬರೆಯುವಾಗ ನಮ್ಮ ಮನಸ್ಸು ಓಡುವುದು ಊರಿನ ಹಿರಿಯರ ಕಡೆಗೇ. ಜಾರ್ಖಂಡ್‌ನ ಆದಿವಾಸಿ ಕ್ರೈಸ್ತ ಹೆಣ್ಣುಮಕ್ಕಳು ಕಡೆಯ ಸಾಲಿನಲ್ಲಿ ನಿಂತು, ಕನ್ನಡದ ಪೂಜೆಯನ್ನು ಅರ್ಥವಾದಷ್ಟು ಕೇಳಿ, ಪರಮಪ್ರಸಾದ ಪಡೆದು ತೋಟದ ಜೀಪು ಹತ್ತಲು ಓಡುತ್ತಾರೆ. ಅವರ ಹಿಮ್ಮಡಿಯ ಬಿರುಕಿನಲ್ಲಿ ಕೂತ ಕೆಮ್ಮಣ್ಣು ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಈ ಸಲ ಪಾದ ತೊಳೆಸಿಕೊಳ್ಳುವವರ ಕುರ್ಚಿಗಳಿಗೆ ಮೊದಲು ಅವರನ್ನು ಕರೆಯೋಣ. ಪೂಜೆಯಾದ ಮೇಲೆ ಹಿಂದಿ ಬಲ್ಲವರೊಬ್ಬರು ಜೊತೆಗೆ ಕುಳಿತು, ಯಾರ ಬಟವಾಡೆ ಎಷ್ಟು ಬಾಕಿ ಎಂದು ಬರೆದುಕೊಳ್ಳಲಿ. ಬಾಕಿ ಇಟ್ಟವರು ನಮ್ಮದೇ ದೇವಾಲಯದ ಮುಂದಿನ ಸಾಲಿನಲ್ಲಿ ಕೂರುವವರಾಗಿದ್ದರೆ, ಈಸ್ಟರ್‌ಗೆ ಮುಂಚೆಯೇ ಅವರ ಮನೆಗೆ ಹೋಗಿ ಕೇಳೋಣ. ನಾನೂ ಬರುತ್ತೇನೆ.