ಸೊಂಟ ಹಿಡಿದುಕೊಂಡಾಗ ಏಳುವ ಪ್ರಶ್ನೆ

ಚಿಕಿತ್ಸೆ ಮುಗಿದು 2 ವರ್ಷಗಳಾದರೂ ಬೆಳಿಗ್ಗೆ ಹಾಸಿಗೆಯಿಂದ ಎದ್ದೊಡನೆ ಗೋಡೆಯ ಆಸರೆ ಬೇಕಾಗುತ್ತದೆ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ, ಕಿಮೋಥೆರಪಿ, ರೇಡಿಯೇಷನ್ ಎಲ್ಲವೂ ಮುಗಿದು ಈಗ ಉಳಿದಿರುವುದು ದಿನಕ್ಕೊಂದು ಲೆಟ್ರೋಜೋಲ್ ಮಾತ್ರೆ. ನನ್ನ ಬಗೆಯ ಕ್ಯಾನ್ಸರನ್ನು ಬೆಳೆಸುವ ಈಸ್ಟ್ರೋಜೆನ್ ಹಾರ್ಮೋನು ದೇಹದಲ್ಲಿ ತಯಾರಾಗದಂತೆ ತಡೆದು ನನ್ನನ್ನು ಕಾಯುತ್ತಿರುವ ಈ ಮಾತ್ರೆಯೇ ಮೊಣಕಾಲು, ಮಣಿಕಟ್ಟು, ಬೆರಳ ಗೆಣ್ಣುಗಳನ್ನು ಬಿಗಿಯಾಗಿಸುತ್ತದೆ. ಹತ್ತು ಹೆಜ್ಜೆ ನಡೆದರೆ ಕೀಲುಗಳು ಸಡಿಲವಾಗುತ್ತವೆ, ಆದರೆ ಕಿಮೋಥೆರಪಿಯ ಔಷಧ ಪ್ಯಾಕ್ಲಿಟ್ಯಾಕ್ಸೆಲ್ ಬಿಟ್ಟುಹೋದ ಜೋಮು ಬೆರಳ ತುದಿಗಳಲ್ಲಿ ಹಾಗೆಯೇ ಇದೆ. ಅಂಗಿಯ ಗುಂಡಿ ಕಾಜದೊಳಗೆ ಹೋಯಿತೋ ಇಲ್ಲವೋ ಎಂಬುದನ್ನು ಇಂದಿಗೂ ಕನ್ನಡಿ ನೋಡಿಯೇ ತಿಳಿಯುತ್ತೇನೆ.

ಬರೀ ನೋವಾಗಿದ್ದರೆ ಹೇಗೋ ಸಹಿಸಬಹುದಿತ್ತು. ಈಗ ಸೊಂಟ ಹಿಡಿದುಕೊಂಡರೆ, ನಿನ್ನೆ ಭಾರ ಎತ್ತಿದ್ದು ನೆನಪಾಗುವ ಮೊದಲೇ ‘ಮೂಳೆಗೆ ಬಂತೇ’ ಎಂಬ ಪ್ರಶ್ನೆ ಏಳುತ್ತದೆ. ಈ ಕಾಯಿಲೆ ಮರಳಿದಾಗ ಮೂಳೆಗೆ ಹರಡುವುದುಂಟು ಎಂದು ಬಲ್ಲವಳಿಗೆ ‘ಅದನ್ನೆಲ್ಲ ಯೋಚಿಸಬೇಡ’ ಎಂಬ ಮಾತು, ಎಷ್ಟೇ ಪ್ರೀತಿಯಿಂದ ಹೇಳಿದರೂ, ಸಮಾಧಾನ ಕೊಡುವುದಿಲ್ಲ. ಆ ಮಾತು ಕೇಳಿದ ಮೇಲೆ ನಾನು ನೋವನ್ನು ಮುಚ್ಚಿಡಲು ಕಲಿತೆ, ಮುಚ್ಚಿಟ್ಟದ್ದು ರಾತ್ರಿಯಲ್ಲಿ ಬೆಳೆಯಿತು.

ಕಳೆದ ವರ್ಷ ಎಡ ಪಕ್ಕೆಲುಬಿನ ಬಳಿ ನೋವು ಕಾಣಿಸಿದಾಗ ಮೂರು ರಾತ್ರಿ ಅದೇ ಜಾಗವನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದೆ. ಒತ್ತಿದ್ದರಿಂದಲೇ ಅದು ಇನ್ನಷ್ಟು ನೋಯತೊಡಗಿತು. ಎರಡು ವಾರ ಕಳೆದರೂ ಹೋಗದ, ದಿನದಿಂದ ದಿನಕ್ಕೆ ಹೆಚ್ಚುವ, ವಿಶ್ರಾಂತಿಗೂ ಬಗ್ಗದ, ನಿದ್ದೆಯಿಂದ ಎಬ್ಬಿಸುವ ನೋವಾದರೆ ತಪಾಸಣೆಯ ದಿನಕ್ಕಾಗಿ ಕಾಯದೆ ಬನ್ನಿ, ಉಳಿದದ್ದನ್ನು ಬರೆದಿಡಿ ಎಂದರು ವೈದ್ಯರು. ಆಗಿನಿಂದ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ನೋವಿನ ಜಾಗ, ಆ ದಿನ ಮಾಡಿದ ಕೆಲಸ, ಹತ್ತರಲ್ಲಿ ನೋವಿಗೆ ಕೊಟ್ಟ ಅಂಕ ಇಷ್ಟನ್ನು ಬರೆಯುತ್ತೇನೆ. ಪಕ್ಕೆಲುಬಿನ ನೋವು 5ರಿಂದ ಶುರುವಾಗಿ ಹನ್ನೊಂದನೆಯ ದಿನ 1ಕ್ಕೆ ಇಳಿಯಿತು. ಯಾರ ಸಾಂತ್ವನವೂ ತಾರದ ನಿದ್ದೆಯನ್ನು ಆ ಪುಟ ತಂದಿತು.

ಮೊದಮೊದಲು ಪ್ರತಿ ಭೇಟಿಯಲ್ಲೂ ಸ್ಕ್ಯಾನ್ ಮಾಡಿಸಿ ಎಂದು ಪಟ್ಟು ಹಿಡಿಯುತ್ತಿದ್ದೆ. ರೋಗಲಕ್ಷಣಗಳಿಲ್ಲದವರಿಗೆ ಪದೇ ಪದೇ ಮೂಳೆ ಸ್ಕ್ಯಾನ್, ಎದೆಯ ಎಕ್ಸ್‌ರೇ ಮಾಡಿದ್ದರಿಂದ ಆಯುಷ್ಯ ಹೆಚ್ಚಲಿಲ್ಲವೆಂದು 1994ರಲ್ಲಿ ಪ್ರಕಟವಾದ ಇಟಲಿಯ ಎರಡು ಅಧ್ಯಯನಗಳು ತೋರಿಸಿವೆ ಎಂದು ವೈದ್ಯರು ತಾಳ್ಮೆಯಿಂದ ವಿವರಿಸಿದರು. ಈಗ ವರ್ಷಕ್ಕೊಮ್ಮೆ ಮ್ಯಾಮೋಗ್ರಾಮ್, ನಡುವೆ ನಿಯಮಿತ ತಪಾಸಣೆ. ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಬೇಕಾಯಿತು.

ಇನ್ನೊಂದು ಮಾತನ್ನು ಹೇಳಲೇಬೇಕು. ನೋವು ನಿವಾರಕ ತೆಗೆದುಕೊಂಡರೆ ಕಾಯಿಲೆಯ ಸುಳಿವೇ ಸಿಗಲಿಕ್ಕಿಲ್ಲವೆಂದು ಹಲ್ಲು ಕಚ್ಚಿ ಸಹಿಸುವವರಿದ್ದಾರೆ, ನಾನೂ ಹಾಗೆಯೇ ಇದ್ದೆ. ದಯವಿಟ್ಟು ಹಾಗೆ ಮಾಡಬೇಡಿ, ವೈದ್ಯರಿಗೆ ಹೇಳಿ. ಜೋಮಿನ ಜೊತೆಗಿದ್ದ ಪಾದದ ಉರಿಗೆ ಅವರು ನರದ ನೋವು ತಗ್ಗಿಸುವ ಡುಲೊಕ್ಸೆಟಿನ್ ಔಷಧ ಕೊಟ್ಟ ಮೇಲೆ ಜೋಮು ಹೋಗದಿದ್ದರೂ ಉರಿ ತಗ್ಗಿತು, ಹೊದಿಕೆ ತಾಗಿದರೆ ಬೆಚ್ಚಿ ಏಳುವುದು ನಿಂತಿತು.

ಮುಂದಿನ ತಪಾಸಣೆ ಮಂಗಳವಾರ. ಬಲ ಸೊಂಟದ ಹೆಸರಿನಲ್ಲಿ ಪುಸ್ತಕದಲ್ಲಿ ಒಂಬತ್ತು ಸಾಲುಗಳಿವೆ, ನಿನ್ನೆಯ ಅಂಕ 3. ಅದನ್ನು ಕೈಯಲ್ಲಿ ಹಿಡಿದೇ ಒಳಗೆ ಹೋಗುತ್ತೇನೆ.